ಅರ್ಧ ಪಾಲು

ಗಂಡ ಸತ್ತ ಮೇಲೂ ಅವನ ಪಾಲಿನ ಮಾಂಸ ಮನೆಗೆ ಬಂತು. ಬರುತ್ತದೆಂದು ಅವಳಿಗೆ ಗೊತ್ತಿತ್ತು. ಬೇಟೆಯ ಗುಂಪಿನಲ್ಲಿ ಯಾರಾದರೂ ತೀರಿಕೊಂಡರೆ ಒಂದು ವರ್ಷ ಅವರ ಮನೆಗೆ ಪಾಲು ತಪ್ಪಿಸಬಾರದೆಂದು ಆ ಗುಂಪಿನವರು ತಾವೇ ಮಾಡಿಕೊಂಡ ಕಟ್ಟಳೆಯಿತ್ತು. ಆದರೆ ಅಷ್ಟು ದೊಡ್ಡ ಪೊಟ್ಟಣ ಬರುತ್ತದೆಂದು ಗೊತ್ತಿರಲಿಲ್ಲ.

ತಂದವನು ವೆಲ್ಡಿಂಗ್ ಅಂಗಡಿಯವನು. ಊರೆಲ್ಲ ಅವನನ್ನು ಕಿಡಿ ಅಂತಲೇ ಕರೆಯುವುದು. ಹೆತ್ತವರಿಟ್ಟ ಹೆಸರು ಅವನಿಗೇ ಮರೆತಿರಬೇಕು. ಅವನ ಹಿಂದೆ ಗುಂಪಿನ ಇನ್ನೂ ನಾಲ್ಕೈದು ಮಂದಿ. ಅಂಗಳದಲ್ಲಿ ಬೂಟು ಬಿಚ್ಚಿಟ್ಟು, ನಡುಮನೆಯ ಬೆಂಚಿನ ಮೇಲೆ ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೂತರು. ಅವಳ ಗಂಡ ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಬೆಳಿಗ್ಗೆ ಪಾಳು ಬಿಟ್ಟಿದ್ದ ಹೊಲ ಉಳಲು ಹೋದವನು ಟ್ರ್ಯಾಕ್ಟರ್ ಮೇಲೆ ಕೂತ ಹಾಗೇ ಹೋಗಿಬಿಟ್ಟಿದ್ದ. ಗಾಡಿ ಬೇಲಿಗೆ ಮುಖ ಕೊಟ್ಟು ನಿಂತಿತ್ತು, ಎಂಜಿನ್ ಓಡುತ್ತಲೇ ಇತ್ತು, ಅವನ ಎರಡೂ ಕೈ ಸ್ಟೀರಿಂಗ್ ಮೇಲಿದ್ದವು. ಊಟದ ಡಬ್ಬಿ ಹಿಡಿದು ಬದುವಿನ ಮೇಲೆ ಬರುತ್ತಿದ್ದ ಅವಳು, ‘ಏನು ಯೋಚನೆ ಮಾಡ್ತಾ ಕೂತಿದಾರೋ ಮಹಾರಾಯರು, ಡೀಸೆಲ್ ಸುಡ್ತಾ’ ಎಂದು ಗೊಣಗಿಕೊಂಡೇ ಹತ್ತಿರ ಹೋಗಿದ್ದಳು. ಆ ಗೊಣಗಾಟ ಇನ್ನೂ ಅವಳ ಬಾಯಲ್ಲೇ ಉಳಿದಿತ್ತು. ನುಂಗಲೂ ಆಗದು, ಉಗುಳಲೂ ಆಗದು.

ಬಂದವರು ಮೊದಮೊದಲು ಕೆಮ್ಮಿದರು, ಸೂರು ನೋಡಿದರು. ಆಮೇಲೆ ಒಬ್ಬ ಶುರು ಮಾಡಿದ, ಉಳಿದವರ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಬೇಟೆ ಅಂದರೆ ಅವನಿಗೆ ಎಂಥ ಹುಚ್ಚು ಎಂಬುದೇ ಎಲ್ಲರ ಮಾತು. ಮೈ ಕೆಂಡದಂತೆ ಸುಡುತ್ತಿದ್ದಾಗಲೂ ಬಂದಿದ್ದನಂತೆ. ಕಾಲುಬೆರಳು ಮುರಿದಾಗ ಚಪ್ಪಲಿಗೆ ಹಗ್ಗ ಕಟ್ಟಿಕೊಂಡು ಬಂದಿದ್ದನಂತೆ. ಮೆಕ್ಕೆಜೋಳಕ್ಕೆ ನುಗ್ಗುವ ಹಂದಿ ಹೊಡೆಯಲು ಸರ್ಕಾರ ಪರವಾನಗಿ ಕೊಟ್ಟಿದ್ದು ಇವನೊಬ್ಬನಿಗಾಗಿಯೇ ಇರಬೇಕು ಎಂದು ಒಬ್ಬ ನಗಿಸಿದ. ಕುತ್ತಿಗೆಯಲ್ಲಿ ಸದಾ ಒಂದು ಸೀಟಿ ನೇತಾಡುತ್ತಿದ್ದುದರಿಂದ ಗುಂಪಿನಲ್ಲಿ ಅವನು ಸೀಟಿಯಣ್ಣ. ಪೈರಿನೊಳಗೆ ಹೊಕ್ಕು ಡಬ್ಬ ಬಡಿದು ಹಂದಿ ಎಬ್ಬಿಸುವವರಿಗೆಲ್ಲ ಕೆಂಪು ಅಂಗಿ ಹಾಕಿಸುವವನು ಅವನೇ. ಹಂದಿ ಪೈರು ಬಿಟ್ಟು ಬಯಲಿಗೆ ಬಂದು, ಅದರ ಮೂತಿಯಿಂದ ಬಾಲದವರೆಗೆ ಕಣ್ಣಿಗೆ ಕಂಡ ಮೇಲೇ ಗುಂಡು ಹಾರಿಸಬೇಕು ಎಂದು ಕಾಡಿಸುವವನೂ ಅವನೇ. ಒಮ್ಮೆ ಅವಸರ ಮಾಡಿದ ಕಿಡಿಯ ಕೆನ್ನೆಗೆ ಎಲ್ಲರೆದುರು ಬಾರಿಸಿದ್ದನಂತೆ. ಕಿಡಿ ಈಗ ಅದೇ ಕೆನ್ನೆ ಸವರಿಕೊಂಡು, ಆ ಕೈ ಇನ್ನೆಲ್ಲಿ ಸಿಗಬೇಕು ಎಂದು ಕಣ್ಣೊರೆಸಿಕೊಂಡ.

“ಏನೇ ಹೇಳಿ, ಭಾನುವಾರ ತಪ್ಪಿಸಿದ ಮನುಷ್ಯ ಅಲ್ಲ,” ಎಂದ ಮೂಲೆಯಲ್ಲಿ ಕೂತಿದ್ದ ಲಾರಿ ಡ್ರೈವರ್. “ಆ ಕೂಸು ಹೋದ ದಿನ ಕೂಡ—”

ಕಿಡಿ ಅವನ ಪಕ್ಕೆಗೆ ತಿವಿದ. ಡ್ರೈವರ್ ನಾಲಿಗೆ ಕಚ್ಚಿಕೊಂಡು ಟೀ ಲೋಟದೊಳಗೆ ಮುಖ ಹಾಕಿದ.

ಅವಳು ಕೇಳಿಸದವಳ ಹಾಗೆ ಖಾಲಿ ಲೋಟಗಳನ್ನು ಜೋಡಿಸಿಕೊಂಡಳು. ಕೇಳಿಸದೆ ಏನು, ಆ ಒಂದು ದಿನದ ಮೇಲೆಯೇ ಅವಳು ತನ್ನ ಸಂಸಾರವನ್ನೆಲ್ಲ ತೂಗಿದ್ದಳು. ಮಗನ ಬೆನ್ನಿಗೆ ಹುಟ್ಟಿದ ಹೆಣ್ಣು ಕೂಸು ಉಸಿರಾಡದೇ ಹುಟ್ಟಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಗಂಡ ಅವಳ ಪಾದ ಮುಟ್ಟಿ, ‘ಬರ್ತೀನಿ’ ಎಂದು ಎದ್ದು ಹೋಗಿದ್ದ. ಬೇಟೆಗೆ. ಅವತ್ತು ಭಾನುವಾರ. ಆಮೇಲೆ ಅವನು ಎಷ್ಟು ಒಳ್ಳೆಯವನಾಗಿದ್ದರೂ, ಎಮ್ಮೆಗೆ ಹುಲ್ಲು ಹಾಕುವಾಗ ಅವಳ ಕೈಯಿಂದ ಕಂತೆ ಕಸಿದುಕೊಂಡರೂ, ಚಳಿಗಾಲದಲ್ಲಿ ಅವಳಿಗಿಂತ ಮೊದಲೆದ್ದು ಒಲೆ ಹೊತ್ತಿಸಿದರೂ, ಅವಳೊಳಗೆ ಒಂದು ಬಾಗಿಲು ತೆರೆಯಲೇ ಇಲ್ಲ. ಕೋವಿಯೇ ಸವತಿ ಎಂದು ನಗುತ್ತಲೇ ಹೇಳುತ್ತಿದ್ದಳು. ನಗು ಕೇಳುವವರಿಗಾಗಿ.

ಎಲ್ಲರೂ ಏಳುವ ಹೊತ್ತಿಗೆ ಕಿಡಿ ಮುಖ್ಯ ಮಾತು ತೆಗೆದ. ಬರುವ ಭಾನುವಾರ ಸೀಟಿಯಣ್ಣನ ನೆನಪಿಗೆಂದೇ ಒಂದು ಬೇಟೆ. ಅವನು ನಿಲ್ಲುತ್ತಿದ್ದ ಜಾಗ, ಪಂಪುಮನೆಯ ಮೂಲೆ, ಇನ್ನು ಮಗನದು. ಅತ್ತಿಗೆ ತಮ್ಮ ಕೈಯಾರೆ ಕೋವಿ ತೆಗೆದುಕೊಟ್ಟರೆ ಎಲ್ಲರಿಗೂ ಸಮಾಧಾನ.

ಬಾಗಿಲಿಗೆ ಒರಗಿ ನಿಂತಿದ್ದ ಮಗನ ಮುಖ ಅರಳಿದ್ದನ್ನು ಅವಳು ನೋಡಿದಳು. ಮೂವತ್ತು ದಾಟಿದ ಗಂಡಸು, ಅಪ್ಪನ ಜೊತೆ ಹೆಗಲಿಗೆ ಹೆಗಲು ಕೊಟ್ಟು ಬೇಸಾಯ ಮಾಡಿದವನು. ಆದರೆ ಅಪ್ಪ ಅವನನ್ನು ಒಂದು ದಿನಕ್ಕೂ ಬೇಟೆಗೆ ಕರೆದೊಯ್ದಿರಲಿಲ್ಲ. ಕೇಳಿದಾಗಲೆಲ್ಲ ‘ನಿನ್ನ ಕೈಲಾಗೋ ಕೆಲಸ ಅಲ್ಲ’ ಎಂಬ ಒಂದೇ ಉತ್ತರ. ಆ ಮಾತು ಮಗನಿಗೆ ಮುಳ್ಳಾಗಿ ಚುಚ್ಚಿಕೊಂಡಿತ್ತು. ಈಗ ಬೇಡ ಎನ್ನಬೇಕು ಎಂದು ಅವಳ ಮನಸ್ಸು ಕೂಗಿತು. ಒಬ್ಬನನ್ನು ಆ ಬೇಟೆಗೆ ಬಿಟ್ಟುಕೊಟ್ಟದ್ದು ಸಾಲದೆ? ಆದರೆ ಏನೆಂದು ಬೇಡ ಎನ್ನುವುದು? ಅಪ್ಪನಿಗೆ ಪ್ರಾಣವಾಗಿದ್ದದ್ದು ಮಗನಿಗೆ ಬೇಡವೆನ್ನಲು ಅವಳ ಬಳಿ ಇದ್ದದ್ದು ತನ್ನ ಹೊಟ್ಟೆಯುರಿ ಒಂದೇ. ಅದು ಕಾರಣವಾಗುತ್ತದೆಯೇ? ಅವಳು ಆಗಲಿ ಎಂದು ತಲೆಯಾಡಿಸಿದಳು.

ಅಡುಗೆಮನೆಗೆ ಬಂದು ಪೊಟ್ಟಣ ಬಿಚ್ಚಿದಾಗ ಅವಳಿಗೆ ಅದರ ಗಾತ್ರ ತಿಳಿದದ್ದು. ಗಂಡ ಇಷ್ಟು ವರ್ಷ ತರುತ್ತಿದ್ದುದರ ಎರಡರಷ್ಟಿತ್ತು. ಕನಿಕರಕ್ಕೆ ಹೆಚ್ಚು ಹಾಕಿದ್ದಾರೆಂದುಕೊಂಡು ಅವಳಿಗೆ ಸಿಟ್ಟು ಬಂತು. ಅಂಗಳದಲ್ಲಿ ಬೂಟಿಗೆ ಲಾಡಿ ಕಟ್ಟುತ್ತಿದ್ದ ಕಿಡಿಯನ್ನು ಕರೆದು, ಇದೇನಪ್ಪ ಇದು, ನಾವೇನು ಅಷ್ಟು ಬಡವರಾಗಿಬಿಟ್ಟೆವಾ ಎಂದಳು.

ಕಿಡಿ ತಬ್ಬಿಬ್ಬಾದ. “ಹೆಚ್ಚೆಲ್ಲಿ ಅತ್ತಿಗೆ? ಯಾವಾಗಲೂ ಇಷ್ಟೇ. ಟಾರ್ಪಾಲಿನ ಮೇಲೆ ಸಮ ಗುಡ್ಡೆ ಹಾಕ್ತೀವಿ. ಒಬ್ಬ ಬೆನ್ನು ತಿರುಗಿಸಿ ನಿಂತ್ಕೋತಾನೆ, ಇನ್ನೊಬ್ಬ ಗುಡ್ಡೆ ಮುಟ್ಟಿ ಯಾರಿಗೆ ಅಂತಾನೆ, ಅವನು ಹೆಸರು ಹೇಳ್ತಾನೆ. ಅದರಲ್ಲಿ ಒಂದು ಮೂಳೆ ಹೆಚ್ಚುಕಮ್ಮಿ ಆಗೋ ಹಾಗಿಲ್ಲ.”

“ಹಾಗಾದ್ರೆ ಅವರು ಮನೆಗೆ ಯಾವಾಗಲೂ ಇದರ ಅರ್ಧ ತರ್ತಿದ್ದರಲ್ಲ. ನಿಮ್ಮ ಕೈಗೆ ಪಕ್ಕೆಲುಬು ಬಿಟ್ಟು ಬೇರೇನೂ ಸಿಗಲ್ವಾ ಅಂತ ನಾನು ಆಡಿಕೊಳ್ತಾನೇ ಇದ್ದೆ.”

“ಅರ್ಧಾನಾ?” ಎಂದ ಕಿಡಿ. ಲಾಡಿ ಕಟ್ಟುತ್ತಿದ್ದ ಕೈ ನಿಂತಿತು. ಅವನ ಮುಖದಲ್ಲಿ ಏನೋ ಒಂದು ಲೆಕ್ಕ ನಿಧಾನವಾಗಿ ಕೂಡಿಕೊಳ್ಳುತ್ತಿದ್ದುದು ಅವಳಿಗೆ ಕಂಡಿತು. “ಅಂದ್ರೆ ಇಷ್ಟು ವರ್ಷಾನೂ ದರ್ಜಿಯಮ್ಮನ ಮನೆಗೆ…” ಎಂದವನು ಬಿಸಿ ಕಬ್ಬಿಣ ಮುಟ್ಟಿದವನ ಹಾಗೆ ಬಾಯಿ ಮುಚ್ಚಿಕೊಂಡ. ಆಮೇಲೆ ಅವಳು ಎಷ್ಟು ಕೇಳಿದರೂ, ತನಗೇನೂ ಗೊತ್ತಿಲ್ಲ, ಬಾಯಿ ತಪ್ಪಿ ಬಂತು ಎಂದು ಬೂಟಿನ ಲಾಡಿ ಎಳೆದುಕೊಂಡೇ ಹೊರಟುಬಿಟ್ಟ.

ಅವಳು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

ದರ್ಜಿಯಮ್ಮ ಗೊತ್ತಿಲ್ಲದವಳಲ್ಲ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ. ಅವಳ ಗಂಡ ದರ್ಜಿಯೂ ಈ ಗುಂಪಿನಲ್ಲೇ ಇದ್ದವನು. ಬೇಲಿ ದಾಟುವಾಗ ತನ್ನದೇ ಕೋವಿ ಸಿಡಿದು ಎಳೆ ವಯಸ್ಸಿನಲ್ಲೇ ಸತ್ತ. ಅವಳು ಅವನ ಹೊಲಿಗೆ ಯಂತ್ರದ ಮುಂದೆ ಕೂತು ಒಬ್ಬಳೇ ಮಗಳನ್ನು ಸಾಕಿದಳು. ಪಾಪದ ಹೆಂಗಸು ಎಂದು ಇವಳು ತನ್ನ ಬಟ್ಟೆಯನ್ನೆಲ್ಲ ಅಲ್ಲೇ ಹೊಲಿಸುತ್ತಿದ್ದಳು. ಆ ಹೆಂಗಸಿನ ಟೇಪು ತನ್ನ ಎದೆ, ಸೊಂಟ, ತೋಳು ಸುತ್ತಿದ್ದನ್ನು ನೆನೆದು ಅವಳ ಮೈಯೆಲ್ಲ ಉರಿಯಿತು. ತನ್ನ ಮೈಯ ಅಳತೆ ಇಂಚಿಂಚೂ ಬಲ್ಲವಳು! ‘ಸ್ವಲ್ಪ ಇಳಿದಿದೀರಿ ಅಕ್ಕ’ ಎಂದು ಹೋದ ಬಾರಿಯಷ್ಟೇ ಹೇಳಿದ್ದಳಲ್ಲ, ಪಿನ್ನು ಬಾಯಲ್ಲಿ ಕಚ್ಚಿಕೊಂಡು.

ಮರುದಿನ ಮಧ್ಯಾಹ್ನ ಅವಳು ಆ ಬೀದಿಗೆ ಹೋದಳು. ದಾರಿಯುದ್ದಕ್ಕೂ ಮಾತು ಮಸೆದುಕೊಂಡೇ ನಡೆದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಶಾಲೆಯ ಸಮವಸ್ತ್ರಗಳು ಬೆಂಚಿನ ಮೇಲೆ ನೀಲಿ ಗುಡ್ಡೆಯಾಗಿ ಬಿದ್ದಿದ್ದವು, ಇಸ್ತ್ರಿಪೆಟ್ಟಿಗೆಯ ಬಿಸಿ ವಾಸನೆ ಕೋಣೆ ತುಂಬ ಕೂತಿತ್ತು. ದರ್ಜಿಯಮ್ಮ ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿ, ಇವಳ ಮುಖ ನೋಡಿದಳು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿದಳು.

“ಕೂತ್ಕೊಳ್ಳಿ ಅಕ್ಕ. ನೀವು ಬರ್ತೀರಿ ಅಂತ ಗೊತ್ತಿತ್ತು. ಇಷ್ಟು ತಡ ಮಾಡ್ತೀರಿ ಅಂತ ಗೊತ್ತಿರಲಿಲ್ಲ.”

ಮಸೆದುಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. “ನಮ್ಮವರು ಇಲ್ಲಿಗೆ ಬರ್ತಿದ್ದರಾ?” ಎಂದಷ್ಟೇ ಕೇಳಿದಳು.

“ಭಾನುವಾರ ಭಾನುವಾರ.”

“ಯಾವಾಗಿಂದ?”

“ನಮ್ಮವರು ಹೋದಾಗಿಂದ. ಆದರೆ ನೀವು ಅಂದುಕೊಂಡ ಹಾಗಲ್ಲ. ಆ ಹೊಸ್ತಿಲು ಒಂದು ದಿನವೂ ದಾಟಿದವರಲ್ಲ.”

ಅವಳು ಹೊಸ್ತಿಲ ಕಡೆ ನೋಡಿದಳು. ಮರ ನಡುವೆ ಸವೆದು ತಗ್ಗಾಗಿತ್ತು. ಎದೆಯ ಮೇಲಿನ ಭಾರ ಸ್ವಲ್ಪ ಸಡಿಲಿ ಉಸಿರು ಬಿಡುವಷ್ಟರಲ್ಲಿ ದರ್ಜಿಯಮ್ಮ, ನೂಲು ಕತ್ತರಿಸುವಷ್ಟೇ ಸಲೀಸಾಗಿ ಹೇಳಿದಳು:

“ನಮ್ಮವರನ್ನ ಹೊಡೆದದ್ದು ನಿಮ್ಮ ಯಜಮಾನರು.”

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. ಆ ಪಂಪಿನ ಸದ್ದು ಮಾತ್ರ ಅವಳಿಗೆ ಕೇಳಿಸಿತು. ಎಷ್ಟು ಹೊತ್ತು ಕೇಳಿಸಿತೋ.

ದರ್ಜಿಯಮ್ಮ ಹೇಳುತ್ತ ಹೋದಳು. ದನಿಯಲ್ಲಿ ಏರಿಳಿತವಿರಲಿಲ್ಲ, ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡು ನುಣುಪಾದ ಕತೆ. ಆವತ್ತು ದರ್ಜಿ ಕೋವಿ ಬದುವಿನ ಮೇಲಿಟ್ಟು, ಹಂದಿ ಎಬ್ಬಿಸಲು ಮೆಕ್ಕೆಜೋಳದೊಳಗೆ ಹೊಕ್ಕಿದ್ದನಂತೆ. ಪಂಪುಮನೆಯ ಮೂಲೆಯಲ್ಲಿ ನಿಂತ ಇವಳ ಗಂಡ ದಂಟು ಅಲುಗಾಡಿದ ಕಡೆ ನೋಡಿದ, ಹೊಡೆದ. ಜೊತೆಯಲ್ಲಿದ್ದವರು ಇನ್ನು ಮೂವರು. ಹೋದವನಂತೂ ಹೋದ, ಇನ್ನೊಂದು ಮನೆಯೂ ಯಾಕೆ ಹಾಳಾಗಬೇಕು ಎಂದು ಅವರೇ ಸೇರಿ ಬೇಲಿಯ ಕತೆ ಕಟ್ಟಿದರು. ಅವರಲ್ಲಿ ಈಗ ಉಳಿದಿರುವವನು ಕಿಡಿ ಒಬ್ಬನೇ. ಪೊಲೀಸರು ನಂಬಿದರು, ಊರು ನಂಬಿತು, ಇವಳೂ ನಂಬಿದಳು. ವಾರ ಕಳೆದ ಮೇಲೆ ಇವಳ ಗಂಡ ತಾನಾಗಿ ಬಂದು ಈ ಹೊಸ್ತಿಲ ಆಚೆ ನಿಂತು ನಿಜ ಹೇಳಿದ. ಕೋವಿ ಕೆರೆಗೆ ಹಾಕಿ ಬರ್ತೀನಿ, ಇನ್ನು ಮುಟ್ಟೋದಿಲ್ಲ, ಪೊಲೀಸರ ಹತ್ತಿರ ಹೋಗು ಅಂದರೆ ಈಗಲೇ ಹೋಗ್ತೀನಿ ಎಂದ.

“ನಾನು ಬೇಡ ಅಂದೆ,” ಎಂದಳು ದರ್ಜಿಯಮ್ಮ. “ಜೈಲಿಗೆ ಹೋದರೆ ನಾಲ್ಕು ವರ್ಷಕ್ಕೆ ಮುಗಿದುಹೋಗುತ್ತೆ. ಕೋವಿ ಬಿಟ್ಟರೆ ನಾಲ್ಕು ದಿನಕ್ಕೇ ಮರೆತುಹೋಗುತ್ತೆ. ನನಗೆ ಮುಗಿಯೋದಿಲ್ವಲ್ಲ. ಬೇಟೆ ಬಿಡಬೇಡಿ ಅಂದೆ. ಪ್ರತಿ ಭಾನುವಾರ ಹೋಗಿ, ಅದೇ ಮೂಲೇಲಿ ನಿಂತ್ಕೊಳ್ಳಿ, ನಮ್ಮವರ ಪಾಲು ತಂದು ನನ್ನ ಕೈಗೆ ಕೊಡಿ, ಮುಖ ಎತ್ತಿ ನನ್ನ ನೋಡಿ, ಆಮೇಲೆ ಮನೆಗೆ ಹೋಗಿ ಅಂದೆ.”

“ಅವರು?”

“ಆಗಲಿ ಅಂದ್ರು.”

ಅವಳ ಕಣ್ಣಮುಂದೆ ನಡುಮನೆಯ ಬೆಂಚು ಬಂತು, ಸಾಲಾಗಿ ಕೂತು ಹೊಗಳಿದ ಮುಖಗಳು ಬಂದವು. ಜ್ವರದಲ್ಲೂ ತಪ್ಪಿಸಲಿಲ್ಲ. ಬೆರಳು ಮುರಿದರೂ ತಪ್ಪಿಸಲಿಲ್ಲ. ಎಂಥ ಹುಚ್ಚು. ಎಂಥ ಪ್ರೀತಿ. ಶನಿವಾರ ಸಂಜೆ ಅವನು ಊಟ ಬಿಟ್ಟೇಳುತ್ತಿದ್ದ. ನಾಳೆಯ ಖುಷಿಗೆ ಹಸಿವೇ ಇಲ್ಲ ನೋಡು ಎಂದು ಇವಳು ತಟ್ಟೆ ಕುಕ್ಕುತ್ತಿದ್ದಳು.

“ನನ್ನ ಕೂಸು ಹೋದ ದಿನ?” ಎಂದಳು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನ್ನಿಸಿತು.

ದರ್ಜಿಯಮ್ಮ ಮೊದಲ ಬಾರಿಗೆ ಕಣ್ಣು ತಗ್ಗಿಸಿದಳು. “ಆವತ್ತೂ ಬಂದ್ರು. ಕೂಸು ಉಳೀಲಿಲ್ಲ ಅಂದ್ರು. ಅಲ್ಲೇ ನಿಂತು ಅತ್ತರು. ಇವತ್ತೊಂದು ದಿನ ಬರಬೇಡಿ ಅನ್ನಬಹುದಿತ್ತು, ಹೋಗಿ ಹೆಂಡತಿ ಹತ್ತಿರ ಕೂತ್ಕೊಳ್ಳಿ ಅನ್ನಬಹುದಿತ್ತು. ಅನ್ನಲಿಲ್ಲ ಅಕ್ಕ. ಕೈ ಚಾಚಿ ಪಾಲು ತಗೊಂಡೆ.”

ಇವಳಿಗೆ ಎದ್ದು ಆ ಹೆಂಗಸಿನ ಕೂದಲು ಹಿಡಿಯಬೇಕೆನ್ನಿಸಿತು. ಅವಳ ಮಡಿಲಲ್ಲಿ ತಲೆಯಿಟ್ಟು ಅಳಬೇಕೆಂದೂ ಅದೇ ಗಳಿಗೆಯಲ್ಲಿ ಅನ್ನಿಸಿತು. ಎರಡೂ ಆಗಲಿಲ್ಲ. ಮನೆಯಲ್ಲಿ ಒಂದು ಹನಿ ಕಣ್ಣೀರು ಹಾಕದವನು, ಕಲ್ಲೆದೆಯವನು ಎಂದು ತಾನು ಒಳಗೊಳಗೇ ಬೈದುಕೊಂಡವನು, ಇಲ್ಲಿ ಈ ಸವೆದ ಮರದ ಆಚೆ ನಿಂತು ಅತ್ತಿದ್ದ. ಅವನ ಅಳುವೂ ಎರಡು ಪಾಲಾಗಿ, ತನ್ನ ಪಾಲಿಗೆ ಬರಬೇಕಾದ್ದು ಇಲ್ಲಿ ಬಿದ್ದಿತ್ತು. ಇದಕ್ಕಿಂತ ಅವನು ಇನ್ನೊಬ್ಬಳ ಜೊತೆ ಮಲಗಿದ್ದರೆ ಎಷ್ಟೋ ವಾಸಿಯಿತ್ತು. ಅದಕ್ಕಾದರೆ ಊರಿನಲ್ಲಿ ಒಂದು ಹೆಸರಿದೆ. ಕೇಳಿದವರು ಅಯ್ಯೋ ಎನ್ನುತ್ತಾರೆ. ಇದಕ್ಕೆ ಏನನ್ನುತ್ತಾರೆ?

“ನೀನು ನನ್ನ ಗಂಡನ್ನ ಇಟ್ಟುಕೊಂಡಿದ್ದೆ,” ಎಂದಳು ಮೆಲ್ಲಗೆ.

“ಹೌದು,” ಎಂದಳು ದರ್ಜಿಯಮ್ಮ. “ಅವರು ನನ್ನ ಗಂಡನ್ನ ತಗೊಂಡಿದ್ದರು.”

ದರ್ಜಿಯಮ್ಮ ಎದ್ದು ನೀರು ತಂದುಕೊಟ್ಟಳು. ಮಗಳ ಮದುವೆಯಾದ ವರ್ಷ ತಾನೇ ಸಾಕು ಅಂದೆನೆಂದೂ, ಇನ್ನು ಬರಬೇಡಿ, ಕೋವಿ ಬಿಡಿ ಎಂದು ಬೇಡಿಕೊಂಡೆನೆಂದೂ ಹೇಳಿದಳು. ಆದರೆ ಅವನು ಬಿಡಲಿಲ್ಲವಂತೆ. ನಾನು ಬಿಟ್ಟರೆ ಅವರೆಲ್ಲ ಅಲುಗಾಡಿದ್ದಕ್ಕೆಲ್ಲ ಹೊಡೀತಾರಮ್ಮ, ಯಾರಾದರೂ ಒಬ್ಬರು ನೋಡ್ತಾ ಇರಬೇಕು ಎಂದನಂತೆ.

“ಕೊನೇ ಸಲ ಬಂದಾಗ ಮಗನ ಮಾತೆತ್ತಿದರು. ಅವನಿಗೆ ಮಾತ್ರ ಕೋವಿ ಕೊಡಲ್ಲ ಅಂದ್ರು. ಅವನ ಬೆರಳೂ ನನ್ನ ಹಾಗೇ, ಕಣ್ಣಿಗಿಂತ ಮುಂದೆ ಹೋಗುತ್ತೆ ಅಂದ್ರು.” ದರ್ಜಿಯಮ್ಮ ಖಾಲಿ ಲೋಟ ತೆಗೆದುಕೊಳ್ಳುತ್ತ, “ಊರಿಗೆ ಹೇಳಬೇಡಿ ಅಕ್ಕ. ನನ್ನ ಮಗಳಿಗೆ ಇದು ಯಾವುದೂ ಗೊತ್ತಿಲ್ಲ. ನಿಮ್ಮ ಮಗನಿಗೆ ಹೇಳೋದಾದ್ರೆ ಹೇಳಿ,” ಎಂದಳು.

ಭಾನುವಾರದವರೆಗೂ ಅವಳು ಗರ ಬಡಿದವಳ ಹಾಗೆ ಓಡಾಡಿದಳು. ಹಾಲು ಕರೆದು ಬಕೆಟ್ಟನ್ನು ಕೊಟ್ಟಿಗೆಯಲ್ಲೇ ಮರೆತು ಬಂದಳು. ಕಪಾಟಿನಲ್ಲಿದ್ದ ಗಂಡನ ಅಂಗಿ ಮೂಸಿದರೆ ಯಾರೋ ಗೊತ್ತಿಲ್ಲದವನ ವಾಸನೆ ಬಂದಂತಾಯಿತು. ಇಷ್ಟು ವರ್ಷ ಒಂದೇ ಹೊದಿಕೆಯಡಿ ಮಲಗಿದವನು ಯಾರು? ಅವನಿಗೆ ಏನು ಇಷ್ಟವಿತ್ತು? ಬೇಟೆ ತೆಗೆದುಬಿಟ್ಟರೆ ಅವನ ಬಗ್ಗೆ ತನಗೆ ಗೊತ್ತಿದ್ದದ್ದು ಟೀಗೆ ಸಕ್ಕರೆ ಕಡಿಮೆ ಎಂಬುದಷ್ಟೇ ಎಂದು ಹೊಳೆದು ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಭಾನುವಾರ ಬೆಳಿಗ್ಗೆ ಮಗ ಅಡುಗೆಮನೆಯಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಾಗ ಅವಳು ಹೇಳಿದಳು. ಮುಚ್ಚುಮರೆಯಿಲ್ಲದೆ, ಬೆರಳಿನ ಮಾತಿನವರೆಗೂ. ಮಗ ಮೊದಲು ನಕ್ಕ. ಆಮೇಲೆ ಅವನ ಕಿವಿ ಕೆಂಪಾಯಿತು. ಎಂದೋ ಸತ್ತವನ ಹೆಂಡತಿ ಏನೋ ಕಟ್ಟಿ ಹೇಳಿದರೆ ಇವಳು ನಂಬಿಬಿಡುವುದೇ ಎಂದ. ಊರೆಲ್ಲ ಅಪ್ಪನನ್ನು ಹೊಗಳುವಾಗ ಇವಳಿಗೊಬ್ಬಳಿಗೆ ಹುಳುಕು ಬೇಕಾಯಿತೇ ಎಂದ.

“ನಿನಗೆ ಮೊದಲಿಂದಲೂ ಬೇಟೆ ಕಂಡರೆ ಆಗಲ್ಲ. ನನ್ನ ತಡೆಯೋಕೆ ಅಪ್ಪನ್ನ ಕೊಲೆಗಾರ ಮಾಡ್ತಿದೀಯಲ್ಲಮ್ಮ.”

ಅವನು ಕಪಾಟಿನಿಂದ ತಾನೇ ಆ ಜೋಡುನಳಿಗೆಯ ಕೋವಿ ತೆಗೆದುಕೊಂಡ. ಅವಳು ಕೊಡಬೇಕಾಗಿ ಬರಲಿಲ್ಲ. ಬಾಗಿಲು ಬಡಿದ ರಭಸಕ್ಕೆ ಗೂಡಿನಲ್ಲಿದ್ದ ಲೋಟವೊಂದು ಉರುಳಿತು.

ಅವಳು ಅದನ್ನು ಎತ್ತಿಟ್ಟು, ಸೆರಗು ಸಿಕ್ಕಿಸಿ, ಗಂಡನ ಹಳೆಯ ರಬ್ಬರ್ ಬೂಟು ಮೆಟ್ಟಿಕೊಂಡು ಹೊಲದ ದಾರಿ ಹಿಡಿದಳು.

ಹೊಲದಂಚಿನ ಜೀಪಿನ ಬಳಿ ಎಬ್ಬಿಸುವವರು ಸೇರಿದ್ದರು. ಕೋವಿಯವರಾಗಲೇ ಆಚೆ ಬದಿಗೆ ಹೋಗಿ ತಂತಮ್ಮ ಜಾಗ ಹಿಡಿದಿದ್ದರು. ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಅವಳು ಮೊದಲು ನೋಡಿದ್ದು ಬಟ್ಟೆಯನ್ನು: ಒಬ್ಬರ ಮೈಮೇಲೂ ಕೆಂಪು ಅಂಗಿಯಿರಲಿಲ್ಲ. ಅವು ಜೀಪಿನ ಹಿಂಬದಿಯಲ್ಲಿ ಮುದ್ದೆಯಾಗಿ ಬಿದ್ದಿದ್ದವು. ಕೇಳಿದ್ದಕ್ಕೆ ಲಾರಿ ಡ್ರೈವರ್, ಈ ಸೆಕೆಯಲ್ಲಿ ಅದನ್ನು ಯಾರು ಹಾಕಿಕೊಳ್ತಾರೆ, ಅದೆಲ್ಲ ಸೀಟಿಯಣ್ಣನ ಕಾಲಕ್ಕೇ ಮುಗೀತು ಎಂದು ನಕ್ಕ. ಇಷ್ಟು ಬೇಗ. ಅವನು ಹೋಗಿ ಒಂದು ತಿಂಗಳೂ ಆಗಿರಲಿಲ್ಲ.

ಅವಳು ಎಲ್ಲರಿಗೂ ಕೆಂಪು ಅಂಗಿ ಹಂಚಿದಳು. ಸತ್ತವನ ಹೆಂಡತಿಯ ಮಾತು ಮೀರಲಾಗದೆ ಗೊಣಗುತ್ತ ಹಾಕಿಕೊಂಡರು. ಅವಳು ಮಾತ್ರ ತನ್ನ ಬೂದು ಸೀರೆಯಲ್ಲೇ ಒಂದು ತಗಡಿನ ಡಬ್ಬ ಕೈಗೆತ್ತಿಕೊಂಡಾಗ, ಇವತ್ತು ಎಬ್ಬಿಸುವವರ ಜೊತೆಗಿದ್ದ ಕಿಡಿ ಅಡ್ಡ ಬಂದ.

“ಅತ್ತಿಗೆ, ಏನು ಮಾಡ್ತಿದೀರಿ? ಹೆಂಗಸರು ಒಳಗೆ ಹೋದದ್ದುಂಟಾ?”

“ಪಾಲು ತಗೊಂಡಿದೀನಲ್ಲ,” ಎಂದಳು ಅವಳು. “ಅದರ ಕೆಲಸ ಮಾಡಬೇಡವಾ? ದರ್ಜಿ ಹೊಕ್ಕ ಸಾಲು ಯಾವುದು ಕಿಡಿ, ನಿನಗೆ ಗೊತ್ತಿರಬೇಕಲ್ಲ.”

ಕಿಡಿಯ ಮುಖದ ರಕ್ತ ಇಳಿದುಹೋಯಿತು. ಅವನ ಕೈ ತನ್ನಷ್ಟಕ್ಕೆ ಎದ್ದು ಪಂಪುಮನೆಯ ನೇರಕ್ಕಿದ್ದ ಸಾಲು ತೋರಿಸಿತು.

ಒಳಗೆ ಹೊಕ್ಕ ಹತ್ತು ಹೆಜ್ಜೆಗೇ ಲೋಕ ಮಾಯವಾಯಿತು. ಮೇಲೆ ಒಂದು ಪಟ್ಟಿ ಆಕಾಶ, ಸುತ್ತ ಎಲೆಗಳ ಗರಗಸ. ಆಚೀಚೆ ಸಾಲುಗಳಲ್ಲಿ ಡಬ್ಬ ಬಡಿಯುವ, ಹೋ ಎಂದು ಕೂಗುವ ಸದ್ದು ಇತ್ತು. ಯಾರು ಎಷ್ಟು ದೂರದಲ್ಲಿದ್ದಾರೆಂದು ಗೊತ್ತಾಗುತ್ತಿರಲಿಲ್ಲ. ತನ್ನ ಹೊಲವೇ, ತಾನೇ ಬಿತ್ತಿದ ಬೀಜವೇ, ಆದರೂ ದಿಕ್ಕು ತಪ್ಪಿತು. ಬಲಗಡೆ ಎಲ್ಲೋ ಒಂದು ಗುಂಡು ಹಾರಿತು. ಅದರ ಹಿಂದೆಯೇ ದೊಡ್ಡದೊಂದು ಮೈ ದಂಟು ಮುರಿದುಕೊಂಡು ಅವಳ ಮುಂದೆಯೇ ದಾಟಿ ಹೋಯಿತು. ಅವಳ ಕೈಯ ಡಬ್ಬ ಜಾರಿ ಬಿತ್ತು. ಎತ್ತಿಕೊಳ್ಳಲಿಲ್ಲ. ದರ್ಜಿ ಕಂಡದ್ದು ಇದೇ, ಇಷ್ಟೇ. ಎಲೆ, ಬೆವರು, ಎಲೆ.

ಮುಂದೆ ಬೆಳಕು ತೆಳುವಾಯಿತು; ಸಾಲು ಮುಗಿಯುತ್ತ ಬಂದಿತ್ತು. ಅವಳು ಕೂಗಲಿಲ್ಲ. ಕೂಗಿದರೆ ಮಗನ ಬೆರಳು ಏನು ಮಾಡುತ್ತದೆಂದು ಗೊತ್ತಾಗುವುದಿಲ್ಲ. ಎರಡು ಕೈಯಿಂದ ದಂಟುಗಳನ್ನು ಅತ್ತಿತ್ತ ಸರಿಸುತ್ತ ನಡೆದಳು. ಅವು ತಲೆಯ ಮೇಲೆ ಓಲಾಡಿದವು. ಕೋವಿ ತನ್ನ ಕಡೆಗಿದೆಯೋ ಇಲ್ಲವೋ ಎಲೆಗಳಾಚೆ ಅವಳಿಗೂ ಕಾಣುತ್ತಿರಲಿಲ್ಲ. ಆಗ ಕಬ್ಬಿಣ ಕಬ್ಬಿಣಕ್ಕೆ ಕೂತ ಒಂದು ಸಣ್ಣ ಸದ್ದು, ಬೀಗದ ಕೈ ತಿರುಗಿದಂಥದ್ದು, ತೀರ ಹತ್ತಿರದಲ್ಲಿ ಕೇಳಿಸಿತು. ಅವಳು ನಿಂತಳು.

“ಮಗಾ,” ಎಂದಳು. “ನಾನು.”

ಅವಳು ಕೊನೆಯ ಸಾಲು ಸರಿಸಿ ಹೊರಗೆ ಬಂದಳು.

ಪಂಪುಮನೆಯ ಗೋಡೆಗೆ ಬೆನ್ನು ಕೊಟ್ಟು ಮಗ ನಿಂತಿದ್ದ. ಕೋವಿ ಭುಜದ ಮೇಲಿತ್ತು. ಅದರ ಬಾಯಿ ಅವಳ ಎದೆಯ ಎತ್ತರಕ್ಕೇ, ಈಗಷ್ಟೇ ಅಲುಗಾಡಿದ ಎಲೆಗಳಿಗೇ ನೆಟ್ಟಿತ್ತು. ಬೆರಳು ಟ್ರಿಗರಿನ ಮೇಲಿತ್ತು. ಅವಳು ಪಕ್ಕಕ್ಕೆ ಸರಿದು, ಹತ್ತಿರ ಬಂದು, ಕೋವಿಯ ಕೊಳವೆಯನ್ನು ಅಂಗೈಯಿಂದ ಮೆಲ್ಲಗೆ ನೆಲದ ಕಡೆಗೆ ಒತ್ತಿದಳು. ಆಗ ಅವನು ಗೋಡೆಗುಂಟ ಜಾರಿ ಕುಕ್ಕರಿಸಿದ.

“ಹಂದಿ ಅಂದ್ಕೊಂಡೆ,” ಎಂದ. “ಅಮ್ಮ, ನಿನ್ನ ದನಿ ಬರದಿದ್ರೆ… ಎಳೀತಿದ್ದೆ. ಎಳೀತಾನೇ ಇದ್ದೆ.”

ಅವಳು ಅವನ ಪಕ್ಕದಲ್ಲಿ ಕೂತಳು. ಬೆಳಿಗ್ಗೆ ಹೇಳಿದ್ದನ್ನು ಮತ್ತೆ ಹೇಳಲಿಲ್ಲ, ಈಗ ನಂಬುತ್ತೀಯಾ ಎಂದು ಕೇಳಲೂ ಇಲ್ಲ. ಮಗನೇ, ಎದುರಿನ ಎಲೆಗಳಿಂದ ಕಣ್ಣು ಕೀಳದೆ ಕೇಳಿದ:

“ಅಪ್ಪ ಇಲ್ಲೇ ನಿಂತಿದ್ರಾ?”

“ಇಲ್ಲೇ.”

“ಆಮೇಲೂ ಪ್ರತಿ ವಾರ?”

“ಪ್ರತಿ ವಾರ.”

ಅವನು ಮೊಣಕಾಲಿಗೆ ಹಣೆ ಒತ್ತಿಕೊಂಡ. ಅವನ ಬೆನ್ನು ಏರಿಳಿಯುವುದನ್ನು ನೋಡುತ್ತ ಅವಳು ಕೈಯಿಟ್ಟಳು. ಅಂಗಿಯ ಕೆಳಗೆ ಬೆವರು ತಣ್ಣಗಾಗಿತ್ತು. ಇಲ್ಲಿ ಈ ಗೋಡೆಯ ಬುಡದಲ್ಲಿ ಇನ್ನೊಬ್ಬ ಹೀಗೇ ಕುಕ್ಕರಿಸಿದ್ದಾಗ ಅವನ ಬೆನ್ನ ಮೇಲೆ ಯಾರೂ ಕೈಯಿಟ್ಟಿರಲಿಲ್ಲ. ಆ ಭಾನುವಾರ ಮನೆಗೆ ಬಂದವನಿಗೆ ತಾನು ಬಡಿಸಿದ್ದೇನು, ಆಡಿದ್ದೇನು ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಒಂದೂ ನೆನಪಾಗಲಿಲ್ಲ. ಅದು ಅವಳಿಗೆ ಎಲ್ಲ ಭಾನುವಾರಗಳಂಥ ಇನ್ನೊಂದು ಭಾನುವಾರವಾಗಿತ್ತು.

ಆಚೆಯಿಂದ ಕೇಕೆ ಕೇಳಿಸಿತು. ಹಂದಿ ಬಿದ್ದಿರಬೇಕು. ಯಾರೋ ಟಾರ್ಪಾಲು ತರಲು ಕೂಗಿದರು.

ಮಗ ಕೋವಿಯೊಳಗಿನ ಗುಂಡು ಹೊರಗೆ ತೆಗೆಯಲು ನೋಡಿದ. ಆಗಲಿಲ್ಲ. ಮತ್ತೆ ನೋಡಿದ, ಆಗಲಿಲ್ಲ. ಅವಳು ಅದನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಒಮ್ಮೆಯೂ ಮುಟ್ಟಿರಲಿಲ್ಲ, ಅಂದುಕೊಂಡದ್ದಕ್ಕಿಂತ ಭಾರವಿತ್ತು.

“ಎಲ್ಲಿ ಒತ್ತಬೇಕು, ಹೇಳು,” ಎಂದಳು.

“ಬಾಯಿ ಆ ಕಡೆ ಹಿಡ್ಕೋ ಅಮ್ಮ. ಹಾಂ. ಆ ಸಣ್ಣ ಕೀಲು ಇದೆಯಲ್ಲ, ಅದನ್ನ. ಜೋರಾಗಿ.”

ಒತ್ತಿದಳು. ಕೋವಿ ನಡುವಿನಲ್ಲಿ ಮುರಿದಂತೆ ಬಾಗಿ ತೆರೆದುಕೊಂಡಿತು. ಅವಳು ಉಗುರು ಸಿಕ್ಕಿಸಿ ಮೊದಲನೆಯ ಗುಂಡು ಎಳೆದಳು, ಆಮೇಲೆ ಎರಡನೆಯದು.